ನೀರಿನ ಜಾಡು ಹಿಡಿದು ಚಿತ್ರದುರ್ಗ ನೋಡುವುದು ಹೇಗೆ

ಚಿತ್ರದುರ್ಗಕ್ಕೆ ಬರುವ ಬಹಳಷ್ಟು ಜನ ಹೈವೇ ಬಿಟ್ಟು ಊರೊಳಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಟಿಕೆಟ್ ತಗೊಂಡು ಏದುಸಿರು ಬಿಡುತ್ತ ಏಕನಾಥೇಶ್ವರಿ ಗುಡಿವರೆಗೆ ಹತ್ತುತ್ತಾರೆ, ಅಲ್ಲಿಂದ ಓಬವ್ವನ ಕಿಂಡಿ ಕೇಳಿಕೊಂಡು ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ, ಎರಡು ಗಂಟೆಗೆಲ್ಲ ಸುಸ್ತಾಗಿ ಗಾಡಿ ಹತ್ತುತ್ತಾರೆ. ಕೋಟೆ ನೋಡಿದ್ದಾಯಿತು ಅನ್ನುವ ಸಮಾಧಾನವೇನೋ ಇರುತ್ತದೆ. ಆದರೆ ಈ ಕೋಟೆಯನ್ನು ಇನ್ನೂರು ವರ್ಷಕ್ಕೂ ಮೇಲೆ ಉಳಿಸಿದ ಎರಡು ವಸ್ತುಗಳನ್ನು ಅವರು ದಾಟಿಕೊಂಡು ಬಂದುಬಿಟ್ಟಿರುತ್ತಾರೆ. ಒಂದು ನೀರು, ಇನ್ನೊಂದು ಮಣ್ಣು.

ಇದು ಬಯಲುಸೀಮೆ. ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು, ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಹತ್ತಿರದಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ. ಅಂಥ ಜಾಗದ ಕಲ್ಲುಗುಡ್ಡದ ಮೇಲೆ ಒಂದು ಸಂಸ್ಥಾನ, ಅದರ ಸೈನ್ಯ, ಆನೆ ಕುದುರೆ, ಗುಡಿ, ಮಠ, ಟಂಕಸಾಲೆ ಎಲ್ಲ ಬದುಕಿದ್ದು ಹೇಗೆ ಎಂಬ ಪ್ರಶ್ನೆ ಇಟ್ಟುಕೊಂಡು ಹತ್ತಿದರೆ ಕೋಟೆ ಬೇರೆಯೇ ರೀತಿ ಕಾಣುತ್ತದೆ. ಹಾಗಾಗಿ ಇಲ್ಲಿ ಹೇಳುವ ದಾರಿ ಬಾಗಿಲುಗಳ ಲೆಕ್ಕದ್ದಲ್ಲ. ಮೊದಲು ನೇರ ಮೇಲಕ್ಕೆ ಹೋಗಬೇಕು, ಆಮೇಲೆ ಮಳೆನೀರು ಇಳಿಯುವ ಕ್ರಮದಲ್ಲೇ ಇಳಿಯುತ್ತ ಊರೊಳಗೆ ಬರಬೇಕು. ಮಧ್ಯಾಹ್ನ ಹಳೇ ಊರಿನ ಮನೆಗಳು, ಸಂಜೆಗೆ ಚಂದ್ರವಳ್ಳಿ. ಪೂರ್ತಿ ಒಂದು ದಿನ ಬೇಕು.

ತಯಾರಿಯ ಮಾತು ಮೊದಲು ಮುಗಿಸೋಣ. ಬೆಂಗಳೂರಿನಿಂದ ಚಿತ್ರದುರ್ಗ ಸುಮಾರು 200 ಕಿ.ಮೀ., ದಾವಣಗೆರೆಯಿಂದ ಸುಮಾರು 60 ಕಿ.ಮೀ. ರೈಲಿನಲ್ಲಿ ಬರುವವರಿಗೆ ದಾವಣಗೆರೆಯಲ್ಲಿ ಇಳಿದು ಬಸ್ ಹಿಡಿಯುವುದೇ ಸಲೀಸು. ಬೆಂಗಳೂರು–ಹುಬ್ಬಳ್ಳಿ ಗಾಡಿಗಳು ಚಿತ್ರದುರ್ಗದ ಮೇಲೆ ಹೋಗುವುದಿಲ್ಲ, ಚಿಕ್ಕಜಾಜೂರಿನ ಮೇಲೆ ಹೋಗುತ್ತವೆ. ಹಿಂದಿನ ರಾತ್ರಿಯೇ ಊರಿಗೆ ಬಂದು ತಂಗಿದರೆ ಬೆಳಗಿನ ತಂಪು ದಕ್ಕುತ್ತದೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ. ಟಿಕೆಟ್ ದೊಡ್ಡವರಿಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ತಲೆಗೆ ಎರಡು ಲೀಟರ್ ನೀರು ಹೊತ್ತುಕೊಂಡೇ ಹೋಗಿ, ಮೇಲೆ ಸಿಗುತ್ತದೆ ಎಂದು ನಂಬಬೇಡಿ. ಹೊಂಡಗಳ ನೀರು ಈಗ ಕುಡಿಯಲು ಆಗುವಂಥದ್ದಲ್ಲ. ಕೋತಿಗಳು ಪ್ಲಾಸ್ಟಿಕ್ ಚೀಲದ ಸದ್ದಿಗೇ ಬರುತ್ತವೆ, ಆದ್ದರಿಂದ ತಿಂಡಿ, ಬಾಟಲಿ ಎಲ್ಲ ಬೆನ್ನಿನ ಬ್ಯಾಗಿನೊಳಗೆ ಇರಲಿ. ಕಾಲಿಗೆ ಹಿಡಿತವಿರುವ ಶೂ ಬೇಕು. ಸಾವಿರಾರು ಕಾಲು ತುಳಿದು ಬಂಡೆ ನುಣುಪಾಗಿರುವ ಕಡೆ ರಬ್ಬರ್ ಚಪ್ಪಲಿ ಜಾರುತ್ತದೆ. ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ನೀರಿನ ಕೆಲಸ ಕಣ್ಣಿಂದ ನೋಡಬೇಕಿದ್ದರೆ ಒಂದು ಹದ ಮಳೆ ಬಿದ್ದ ಮಾರನೇ ದಿನ ಬನ್ನಿ, ಆದರೆ ಆ ದಿನ ಕಡಿದಾದ ಬಂಡೆ ಹತ್ತುವ ಆಸೆ ಬಿಡಿ.

ಬಾಗಿಲುಗಳನ್ನು ದಾಟುವಾಗ ಅವಸರ ಬೇಡ. ಶುರುವಿನಲ್ಲೇ ಗೋಡೆಯ ಮೇಲೆ ಹೆಡೆ ಎತ್ತಿದ ಸರ್ಪದ ಕೆತ್ತನೆಯಿದೆ, ಅದನ್ನು ಎಲ್ಲರೂ ನೋಡುತ್ತಾರೆ. ನೋಡದೆ ಹೋಗುವುದು ದಾರಿಯನ್ನು. ಒಂದು ಬಾಗಿಲು ದಾಟಿದರೆ ಮುಂದಿನದು ಎದುರಿಗೆ ಸಿಗುವುದಿಲ್ಲ. ದಾರಿ ಬಲಕ್ಕೆ ಹೊರಳುತ್ತದೆ, ಮತ್ತೆ ಎಡಕ್ಕೆ. ಕದ ಒಡೆಯಲು ಬರುವ ಆನೆಗೆ ಓಡಿ ಬರುವಷ್ಟು ನೇರ ಜಾಗ ಎಲ್ಲೂ ಸಿಗಬಾರದು, ಹೊರಳುವಾಗ ದಂಡಿನ ಪಕ್ಕೆ ಗೋಡೆಯ ಮೇಲಿನವರ ಕೈಗೆ ಸಿಗಬೇಕು, ಇದು ಲೆಕ್ಕ. ಬಾಗಿಲ ಕೆಳಗೆ ನಿಂತು ತಲೆ ಎತ್ತಿದರೆ ಕದದ ಗೂಟ ತಿರುಗುತ್ತಿದ್ದ ಗುಳಿ ಕಾಣುತ್ತದೆ, ಅದಕ್ಕೆ ನೇರ ಕೆಳಗೆ ನೆಲದಲ್ಲೂ ಒಂದು. ಪಕ್ಕದ ಗೋಡೆಯಲ್ಲಿ ಅಗಳಿ ಸರಿಸುವ ಚೌಕದ ತೂತು. ಈ ತೂತನ್ನು ನೆನಪಿಟ್ಟುಕೊಳ್ಳಿ, ಮಧ್ಯಾಹ್ನ ಊರೊಳಗೆ ಮತ್ತೆ ಸಿಗುತ್ತದೆ.

ಗೋಡೆ ಕಟ್ಟಿದ ಬಗೆ ಒಂದು ಪಾಠ. ದೊಡ್ಡ ಕಲ್ಲುಗಳ ನಡುವೆ ಗಾರೆಯಿಲ್ಲ. ಒಂದು ಕಲ್ಲಿನ ಮೂಲೆ ಕಚ್ಚು ತೆಗೆದು ಇನ್ನೊಂದರ ಮೂಲೆ ಅಲ್ಲಿ ಕೂರಿಸಿದ್ದಾರೆ. ಹಾಗೆ ಕಚ್ಚಿಕೊಂಡ ಕಲ್ಲು ಜರುಗುವುದಿಲ್ಲ, ಸಂದಿನಲ್ಲಿ ಇಳಿದ ಮಳೆನೀರು ನಿಲ್ಲದೆ ಹೊರಗೆ ಬಂದುಬಿಡುವುದರಿಂದ ಒಳಗಿನ ಮಣ್ಣು ಉಬ್ಬಿ ಗೋಡೆಯನ್ನು ತಳ್ಳುವುದಿಲ್ಲ. ಗಾರೆ, ಇಟ್ಟಿಗೆ, ಮಣ್ಣು ಬರುವುದು ಗೋಡೆಯ ತುದಿಯಲ್ಲಿ ಹಲ್ಲಿನಂತೆ ಎದ್ದಿರುವ ತೆನೆಗಳಲ್ಲಿ. ತೆನೆಗೆ ಗುಂಡು ಬಡಿದು ಒಡೆದರೆ ರಾತ್ರೋರಾತ್ರಿ ಮತ್ತೆ ಕಟ್ಟಬಹುದು, ಕಲ್ಲಿನ ಗೋಡೆಯನ್ನು ಹಾಗೆ ಕಟ್ಟಲಾಗದು.

ಆ ಕಲ್ಲು ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ದಾರಿಯುದ್ದಕ್ಕೂ ಬಂಡೆಗಳ ಮೇಲೇ ಇದೆ. ಬಂಡೆಯ ಅಂಚಿನಲ್ಲಿ ಗೇಣಿಗೂ ಕಡಿಮೆ ಅಂತರದಲ್ಲಿ ಸಾಲಾಗಿ ಕೊರೆದ ಸಣ್ಣ ಉದ್ದ ಗುಳಿಗಳು ಕಾಣುತ್ತವೆ, ಹೊಲಿಗೆ ಹಾಕಿದ ಹಾಗೆ. ಗುಳಿಗೆ ಬೆಣೆ ಇಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡಿಯುತ್ತ ಹೋದರೆ ಕಗ್ಗಲ್ಲು ಆ ಸಾಲು ಹಿಡಿದು ಸೀಳುತ್ತದೆ. ಕೆಲವು ಕಡೆ ಸಾಲು ಕೊರೆದು ಸೀಳದೆ ಬಿಟ್ಟಿದ್ದಾರೆ. ಒಂದು ಬಂಡೆಯಲ್ಲಿ ಅರ್ಧ ಗುಳಿಗಳು ಮಾತ್ರ ಉಳಿದಿದ್ದರೆ ಇನ್ನರ್ಧ ಹೊತ್ತ ತುಂಡು ಯಾವುದೋ ಗೋಡೆಯಲ್ಲಿ ಕೂತಿದೆ ಎಂದರ್ಥ. ಗೋಡೆ ಕಲ್ಲುಗಳ ಅಂಚನ್ನು ಕೈಯಾಡಿಸಿ ನೋಡಿ, ಅಂಥ ಅರ್ಧ ಗುಳಿ ಹಲವು ಕಡೆ ಸಿಗುತ್ತವೆ. ಮಕ್ಕಳಿದ್ದರೆ ಇದನ್ನು ಹುಡುಕಲು ಬಿಡಿ, ಬಿಸಿಲು ಮರೆತುಬಿಡುತ್ತಾರೆ.

ಕೆಳಗಿನ ಬಾಗಿಲುಗಳನ್ನು ದಾಟಿದ ಮೇಲೆ ಮದ್ದು ಬೀಸುವ ಕಲ್ಲುಗಳ ಗುಂಡಿಗೆ ತಪ್ಪದೆ ಹೋಗಿ. ನಾಲ್ಕು ದೈತ್ಯ ಬೀಸುವ ಕಲ್ಲುಗಳು ತಗ್ಗಿನಲ್ಲಿ ಕೂತಿವೆ. ಕೋವಿ ಮದ್ದಿಗೆ ಬೇಕಾದ ಪೆಟ್ಲುಪ್ಪು, ಗಂಧಕ, ಇದ್ದಿಲನ್ನು ಹದವಾಗಿ ಬೀಸಿ ಬೆರೆಸುವ ಕೆಲಸ ಎಷ್ಟು ಅಪಾಯದ್ದೆಂದರೆ ಒಂದು ಕಿಡಿ ಸಾಕು. ಅದಕ್ಕೇ ಮನೆಮಠಗಳಿಂದ ದೂರ, ನೆಲಮಟ್ಟದಿಂದ ಕೆಳಗೆ. ಸಿಡಿದರೂ ಆಘಾತ ಪಕ್ಕಕ್ಕೆ ಹೋಗದೆ ಮೇಲಕ್ಕೆ ಹೋಗುತ್ತದೆ.

ಇಲ್ಲಿಂದ ಏಕನಾಥೇಶ್ವರಿ ಗುಡಿ, ಅದರ ಮುಂದಿನ ದೀಪಸ್ತಂಭ, ಉಯ್ಯಾಲೆ ಕಂಬ, ಆಮೇಲೆ ಬಂಡೆಗೆ ಅಂಟಿಕೊಂಡಂತಿರುವ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಬರುತ್ತವೆ. ಗುಡಿಗಳ ವಿವರ ಎಲ್ಲ ಕಡೆ ಸಿಗುವುದರಿಂದ ಇಲ್ಲಿ ಬೇಡ. ಇಷ್ಟು ನೆನಪಿಟ್ಟರೆ ಸಾಕು: ವಿಜಯನಗರದ ಕೆಳಗೆ 1568ರಲ್ಲಿ ತಿಮ್ಮಣ್ಣ ನಾಯಕನಿಂದ ಶುರುವಾದ ಪಾಳೆಯಗಾರರ ಆಳ್ವಿಕೆ 1779ರಲ್ಲಿ ಹೈದರಾಲಿಯ ಕೈಯಲ್ಲಿ ಕೊನೆಯ ಮದಕರಿ ನಾಯಕ ಸೋಲುವವರೆಗೆ ನಡೆಯಿತು. ಪಟ್ಟ ಕಟ್ಟುತ್ತಿದ್ದುದು ಸಂಪಿಗೆ ಸಿದ್ಧೇಶ್ವರನ ಸನ್ನಿಧಿಯಲ್ಲಿ. ನಡುವೆ 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕನ ಹೆಸರು ಕೆರೆ, ಗುಡಿಗಳ ಮಾತು ಬಂದಾಗಲೆಲ್ಲ ಬರುತ್ತದೆ.

ಈ ಎತ್ತರದಲ್ಲೇ ಅರಮನೆ, ಟಂಕಸಾಲೆಗಳ ಮಣ್ಣಿನ ಗೋಡೆಗಳಿವೆ. ಕಲ್ಲಿನ ಕೋಟೆ ಎಂದು ಹೆಸರಾದ ಜಾಗದಲ್ಲಿ ಎರಡಾಳೆತ್ತರಕ್ಕೂ ಮೀರಿ ನಿಂತಿರುವ ಈ ಮೊಂಡು ಮಣ್ಣು ಗೋಡೆಗಳೇ ನಿಜವಾದ ಅಚ್ಚರಿ. ಹತ್ತಿರ ಹೋಗಿ ನೋಡಿ, ಮುಟ್ಟಬೇಡಿ. ಅಡ್ಡಕ್ಕೆ ಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ಒಂದು ವರಸೆ. ಕೆಮ್ಮಣ್ಣು ನೆನೆಹಾಕಿ, ತುಳಿದು, ಹದ ಬಂದ ಮೇಲೆ ಒಂದು ಮೊಳದಷ್ಟು ಏರಿಸಿ, ಅದು ಒಣಗಿ ಗಟ್ಟಿಯಾದ ಮೇಲೆ ಮುಂದಿನದು. ಹಸಿ ಇರುವಾಗಲೇ ಮೇಲೆ ಹೇರಿದರೆ ಕೆಳಗಿನ ವರಸೆ ಹೊಟ್ಟೆ ಬಿಟ್ಟು ಕುಸಿಯುತ್ತದೆ. ಗೋಡೆ ಬುಡದಲ್ಲಿ ದಪ್ಪ, ಮೇಲೆ ಹೋಗುತ್ತ ತೆಳು. ತಲೆಯ ಮೇಲೆ ಸೂರಿಲ್ಲದೆ ಇಷ್ಟು ಮಳೆಗಾಲ ಕಂಡು ಇವು ಉಳಿದಿರುವುದಕ್ಕೆ ಆ ಕೈಗಳ ಹದವೂ ಕಾರಣ, ಈ ಸೀಮೆಯ ಕಡಿಮೆ ಮಳೆಯೂ ಕಾರಣ. ಕೀಲಿಕೈಯಿಂದ ಹೆಸರು ಗೀಚುವವರು ಮಾಡುವ ಹಾನಿ ಬರೀ ಅಂದಗೆಡಿಸುವುದಲ್ಲ. ಒಣಗಿ ಗಟ್ಟಿಯಾದ ಮೇಲ್ಪದರ ಹರಿದ ಕಡೆ ಮುಂದಿನ ಮಳೆಯ ನೀರು ಒಳಗೆ ಹೋಗುತ್ತದೆ, ಅಲ್ಲಿಂದಲೇ ಹಳ್ಳ ಬೀಳುತ್ತದೆ. ಗೀಚುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಈಗ ಗೋಪಾಲಸ್ವಾಮಿ ಹೊಂಡ. ನೀರಿನ ದಾರಿ ಇಲ್ಲಿಂದ ಶುರು. ಸುತ್ತಲ ಬಂಡೆಗಳ ಮೇಲೆ ಬಿದ್ದ ಮಳೆಯೆಲ್ಲ ಈ ತಗ್ಗಿಗೇ ಇಳಿಯುತ್ತದೆ. ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ: ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ಒಂದು ಎಕರೆ ಬಂಡೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್. ಹೊಲದ ಮಣ್ಣು ಅದರಲ್ಲಿ ಬಹುಪಾಲನ್ನು ಕುಡಿದುಬಿಡುತ್ತದೆ, ಬರೀ ಬಂಡೆ ಏನೂ ಕುಡಿಯುವುದಿಲ್ಲ. ಬೆಳೆಗೆ ಬಾರದ ಗುಡ್ಡ ನೀರು ಹಿಡಿಯಲು ಹೊಲಕ್ಕಿಂತ ಮೇಲು ಎಂಬುದನ್ನು ಇಲ್ಲಿನವರು ಚೆನ್ನಾಗಿ ಅರಿತಿದ್ದರು.

ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದದ್ದು ಕೆಳಗಿನ ಅಕ್ಕ ತಂಗಿ ಹೊಂಡಕ್ಕೆ. ಅದೂ ತುಂಬಿದರೆ ಇನ್ನೂ ಕೆಳಕ್ಕೆ, ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಹೀಗೆ ಒಂದರ ಕೋಡಿ ಇನ್ನೊಂದರ ಹೊಟ್ಟೆ ಸೇರುವುದರಿಂದ ಎರಡು ಲಾಭ. ಹೂಳು, ತರಗೆಲೆ ಎಲ್ಲ ಮೇಲಿನ ಹೊಂಡದ ತಳದಲ್ಲೇ ಕೂರುತ್ತದೆ, ಕೆಳಕ್ಕೆ ಹೋಗುವುದು ತಿಳಿನೀರು. ಇನ್ನೊಂದು, ಮುತ್ತಿಗೆಯ ಕಾಲದಲ್ಲಿ ಕೆಳಗಿನ ಪೇಟೆ ಕೈಬಿಟ್ಟರೂ ಮೇಲಿನ ನೀರು ಕೋಟೆಯವರ ಕೈಯಲ್ಲೇ ಉಳಿಯುತ್ತದೆ. ವೈರಿ ನೀರನ್ನು ಕಡಿಯಬೇಕಾದರೆ ಮೊದಲು ಅಷ್ಟೂ ಸುತ್ತು ಗೆದ್ದು ಮೇಲಕ್ಕೆ ಬರಬೇಕು. ಅಕ್ಕ ತಂಗಿ ಹೊಂಡದ ಹೆಸರಿನ ಹಿಂದೆ, ಕೋಟೆ ಬಿದ್ದಾಗ ನಾಯಕನ ಅರಸಿಯರು ಇಲ್ಲಿ ಹಾರಿಕೊಂಡರು ಎಂಬ ನೋವಿನ ಕಥೆಯನ್ನು ಊರವರು ಹೇಳುತ್ತಾರೆ. ಎರಡೂ ಹೊಂಡಗಳ ಅಂಚಿಗೆ ಇಳಿಯಬೇಡಿ. ಬಂಡೆ ಒದ್ದೆಯಿಲ್ಲದಿದ್ದರೂ ಪಾಚಿಯ ಒಣ ಪೊರೆ ಇರುತ್ತದೆ, ಕಾಲಿಟ್ಟೊಡನೆ ಕೀಳುತ್ತದೆ. ಬದಿ ಇಳಿಜಾರಲ್ಲ, ಸೀದಾ ಆಳ.

ಓಬವ್ವನ ಕಿಂಡಿಗೆ ಮುಖ್ಯ ದಾರಿ ಬಿಟ್ಟು ಬೇರೆಯೇ ಹೋಗಬೇಕು, ಹೋಗುವಾಗ ಇಳಿಜಾರು, ಬರುವಾಗ ಏರು. ಇದನ್ನು ಲೆಕ್ಕಕ್ಕೆ ಹಿಡಿಯದೆ ಕೊನೆಗೆ ಇಟ್ಟುಕೊಂಡವರು ಕಾಲು ನಡುಗಿಸಿಕೊಂಡು ಕೂರುತ್ತಾರೆ. ಕಿಂಡಿಯ ಹತ್ತಿರವೇ ತಣ್ಣೀರು ದೊಣೆ ಇದೆ. ಬಂಡೆಗಳ ನೆರಳಲ್ಲಿ ನಿಂತ ನೀರು, ಬೇಸಿಗೆಯಲ್ಲೂ ತಣ್ಣಗೆ. ಬುರುಜಿನ ಕಾವಲುಗಾರ ಊಟಕ್ಕೆ ಕೂತಿದ್ದ, ಹೆಂಡತಿ ಓಬವ್ವ ನೀರು ತರಲು ಬಂದಳು, ಕಿಂಡಿಯಲ್ಲಿ ತಲೆ ತೂರಿಸುತ್ತಿದ್ದ ಹೈದರನ ಸೈನಿಕರನ್ನು ಕಂಡಳು, ಒನಕೆ ಹಿಡಿದು ನಿಂತಳು. ಕಥೆ ಎಲ್ಲರಿಗೂ ಗೊತ್ತು. ಆ ಕಥೆಯೊಳಗೂ ನೀರೇ ಇದೆ ಎಂಬುದನ್ನು ದೊಣೆಯ ಪಕ್ಕ ನಿಂತಾಗ ಗಮನಿಸಿ: ನೀರು ಇಲ್ಲಿರದಿದ್ದರೆ ಆ ಹೊತ್ತಿಗೆ ಆಕೆ ಇಲ್ಲಿಗೆ ಬರುತ್ತಿರಲಿಲ್ಲ. ಕಿಂಡಿಯಲ್ಲಿ ಒಬ್ಬರು ಬಾಗಿ ನುಸುಳುವಷ್ಟೇ ಜಾಗ. ಒಬ್ಬೊಬ್ಬರೇ ಬರಬೇಕಾದವರನ್ನು ಒಂದೇ ಒನಕೆ ಹೇಗೆ ತಡೆದೀತು ಎಂಬುದು ಆ ಸಂದಿನಲ್ಲಿ ಭುಜ ಓರೆ ಮಾಡಿ ನಿಂತರೆ ಮೈಗೇ ಅರ್ಥವಾಗುತ್ತದೆ. ದಪ್ಪ ಬ್ಯಾಗ್ ಇದ್ದವರು ಹೊರಗೆ ಇಳಿಸಿ ಹೋಗಿ, ಸಿಕ್ಕಿಹಾಕಿಕೊಳ್ಳುತ್ತದೆ.

ತುಪ್ಪದ ಕೊಳದ ಬತೇರಿ, ಅಂದರೆ ಎತ್ತರದ ಕಾವಲು ಬುರುಜು, ಹತ್ತುವ ಬಗ್ಗೆ ಒಂದು ಮಾತು. ನುಣ್ಣನೆ ಬಂಡೆಗೆ ಪಾದದ ತುದಿ ಮಾತ್ರ ಹಿಡಿಯುವಷ್ಟು ಕಚ್ಚುಗಳನ್ನು ಕೊರೆದಿದ್ದಾರೆ, ಅವೇ ಮೆಟ್ಟಿಲು. ಮೇಲಿಂದ ಇಡೀ ಊರು, ಸುತ್ತಲಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳು, ಏಳು ಸುತ್ತುಗಳ ಪೈಕಿ ಎಷ್ಟೋ ಸುತ್ತು ಒಂದೇ ನೋಟಕ್ಕೆ ಸಿಗುತ್ತವೆ. ಹತ್ತುವುದು ಕಷ್ಟವಲ್ಲ, ಇಳಿಯುವುದು ಕಷ್ಟ. ಮುಖ ಹೊರಗೆ ಮಾಡಿ ಇಳಿಯಲು ಹೋದವರು ಅರ್ಧದಲ್ಲಿ ಹೆದರಿ ನಿಂತುಬಿಡುತ್ತಾರೆ, ಹಿಂದಿನವರಿಗೂ ದಾರಿ ಇಲ್ಲ. ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ, ಒಂದು ಕಾಲು ಊರಿದ ಮೇಲೆ ಇನ್ನೊಂದು ಬಿಡಿಸಿ. ಮಳೆ ಬಂದ ದಿನ, ಸೀರೆ ಉಟ್ಟವರು, ಚಿಕ್ಕ ಮಕ್ಕಳು ಇದ್ದವರು ಹತ್ತಬೇಡಿ.

ಇಷ್ಟಕ್ಕೆ ನಾಲ್ಕು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಏಳಕ್ಕೆ ಹತ್ತಿದರೆ ಹನ್ನೊಂದಕ್ಕೆ ಕೆಳಗೆ. ಹೊಟ್ಟೆಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಊರಿನ ಯಾವ ಮೂಲೆಯಲ್ಲೂ ಸಿಗುತ್ತದೆ. ಆಮೇಲೆ ಹಳೇ ಊರು.

ಚಿತ್ರದುರ್ಗದ ಬಡಾವಣೆಗಳ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಿ. ಬುರುಜನಹಟ್ಟಿ. ಆನೆಬಾಗಿಲು. ಕೆಳಗೋಟೆ. ರಂಗಯ್ಯನಬಾಗಿಲು. ಇವೆಲ್ಲ ಕೋಟೆಯ ಅಂಗಗಳು, ಅಂದರೆ ಈಗ ಅಂಗಡಿ, ಆಟೋ ಸ್ಟ್ಯಾಂಡ್ ಇರುವ ಕಡೆಯೂ ನೀವು ಕೋಟೆಯೊಳಗೇ ಇದ್ದೀರಿ. ರಂಗಯ್ಯನಬಾಗಿಲಿನ ಹತ್ತಿರ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಮುಕ್ಕಾಲು ಗಂಟೆ ಸಾಕು. ಸರ್ಕಾರಿ ರಜೆ ದಿನ ಹೋಗಬೇಡಿ. ದೊಡ್ಡಪೇಟೆ, ಚಿಕ್ಕಪೇಟೆ, ಕರುವಿನಕಟ್ಟೆಯ ಗಲ್ಲಿಗಳನ್ನು ನಡೆದೇ ನೋಡಬೇಕು. ಆರ್‌ಸಿಸಿ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೇ ಮಾಳಿಗೆ ಮನೆ, ಅಂದರೆ ಮಣ್ಣಿನ ಮಟ್ಟಸ ಚಾವಣಿಯ ಮನೆ, ಉಳಿದಿದೆ. ಬೀದಿಗೆ ಎತ್ತರದ ಕಟ್ಟೆ, ತಗ್ಗು ಬಾಗಿಲು, ಮರದ ಕಂಬ, ಕಂಬದ ತಲೆಯ ಮೇಲೆ ಬೋದಿಗೆ ಕಂಡರೆ ಅದೇ. ಇವು ಜನ ವಾಸವಿರುವ ಮನೆಗಳು, ಪ್ರದರ್ಶನಕ್ಕೆ ಇಟ್ಟವಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರನ್ನು ಮಾತಾಡಿಸಿ, ‘ಮನೆ ಹಳೇದು, ಒಂದು ಸಾರಿ ನೋಡಬಹುದಾ’ ಎಂದು ಕೇಳಿ. ಒಪ್ಪಿದರೆ ಚಪ್ಪಲಿ ಬಿಟ್ಟು ಪಡಸಾಲೆವರೆಗೆ ಹೋಗಿ, ಅಡುಗೆಮನೆ ದೇವರಮನೆ ಕಡೆ ಕ್ಯಾಮೆರಾ ತಿರುಗಿಸಬೇಡಿ. ಬೇಡ ಅಂದರೆ ಬೇಡ.

ಒಳಗೆ ಹೋದರೆ ಮೊದಲು ಬಾಗಿಲ ಹಿಂದೆ ನೋಡಿ. ಗೋಡೆಯಲ್ಲಿ ಚೌಕದ ತೂತು, ಅದರೊಳಗೆ ಮರದ ಅಗಳಿ. ಬೆಳಿಗ್ಗೆ ಕೋಟೆ ಬಾಗಿಲಲ್ಲಿ ಕಂಡದ್ದೇ. ರಾತ್ರಿ ಎಳೆದು ಅಡ್ಡ ಹಾಕಿದರೆ ಹೊರಗಿನಿಂದ ಯಾರು ತಳ್ಳಿದರೂ ಬಲವೆಲ್ಲ ಎರಡಡಿ ದಪ್ಪದ ಗೋಡೆಯ ಮೇಲೆ ಬೀಳುತ್ತದೆ, ಕದದ ಮೇಲಲ್ಲ. ಮನೆಯ ಅಳತೆ ಅಂಕಣದ ಲೆಕ್ಕದಲ್ಲಿ, ಎರಡು ಸಾಲು ಕಂಬದ ನಡುವಿನ ಜಾಗ ಒಂದು ಅಂಕಣ. ಹಳ್ಳಿ ಕಡೆ ಇದೇ ಮನೆಗಳಲ್ಲಿ ಬಾಗಿಲ ಪಕ್ಕದ ತಗ್ಗಿನ ಅಂಕಣ ದನಕರುಗಳದ್ದು, ಎತ್ತರದ್ದು ಮನುಷ್ಯರದ್ದು.

ತಲೆ ಎತ್ತಿದರೆ ಮಾಳಿಗೆ. ಇದನ್ನು ಅರ್ಥ ಮಾಡಿಕೊಂಡರೆ ಬಯಲುಸೀಮೆಯ ಬುದ್ಧಿ ಅರ್ಥವಾಗುತ್ತದೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಗೇಣು ಗೇಣಿಗೆ ಜಂತೆ. ಜಂತೆಗಳ ಮೇಲೆ ಒತ್ತೊತ್ತಾಗಿ ಸೀಳಿದ ಚಕ್ಕೆ ಅಥವಾ ಕಲ್ಲು ಚಪ್ಪಡಿ. ಅದರ ಮೇಲೆ ‘ಬಂದರೆ’ ಎಂಬ ಗಿಡದ ಸೊಪ್ಪಿನ ಹಾಸು. ಈ ಗಿಡ ಇಲ್ಲಿನ ಕುರುಚಲು ಗುಡ್ಡಗಳಲ್ಲಿ ಧಾರಾಳ. ಎಲೆಯಲ್ಲಿ ಅಂಟು, ಕಹಿ ಇರುವುದರಿಂದ ಹುಳು ಬೇಗ ಹತ್ತುವುದಿಲ್ಲ. ಸೊಪ್ಪಿನ ಮೇಲೆ ಕೆಮ್ಮಣ್ಣು ಹಾಕಿ ದಮ್ಮಸ್ಸು ಮಾಡುತ್ತಾರೆ. ಎಲ್ಲಕ್ಕೂ ಮೇಲೆ ನಾಲ್ಕು ಬೆರಳು ದಪ್ಪ ಕರಲು ಮಣ್ಣು.

ಗುಟ್ಟು ಇರುವುದು ಆ ಕರಲಿನಲ್ಲಿ. ಕೆರೆ ಹಿಂಭಾಗದ ಜವುಳು ನೆಲದಲ್ಲಿ ಬೆಳ್ಳಗೆ ಉಪ್ಪು ಎದ್ದ ಮಣ್ಣು ಅದು. ಏನೂ ಬೆಳೆಯುವುದಿಲ್ಲ, ರೈತ ಅದನ್ನು ಶಪಿಸುತ್ತಾನೆ. ಸೋಡಿಯಂ ಹೆಚ್ಚಿರುವುದರಿಂದ ನೀರು ತಾಗಿದೊಡನೆ ಅದರ ಜೇಡಿ ಕಣಗಳು ಉಬ್ಬಿ, ಬಿಡಿಬಿಡಿಯಾಗಿ ಚದುರಿ, ಮಣ್ಣಿನ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮೇಲಿನ ಒಂದು ಪೊರೆ ಒದ್ದೆಯಾದ ಮೇಲೆ ನೀರು ಒಳಗೆ ಇಳಿಯದೆ, ಮಾಳಿಗೆಯ ನೀರನ್ನು ಹೊರಕ್ಕೆ ಬಿಡುವ ದೋಣಿಯ ಕಡೆ ಹರಿಯುತ್ತದೆ. ಹೊಲದಲ್ಲಿ ಬೆಳೆಯನ್ನು ಕೊಲ್ಲುವ ಅದೇ ಗುಣ ಮಾಳಿಗೆಯಲ್ಲಿ ಮನೆಯನ್ನು ಕಾಯುತ್ತದೆ. ಮುಂಗಾರಿಗೆ ಮುಂಚೆ, ವರ್ಷಕ್ಕೊಮ್ಮೆ, ಹಳೇ ಬಿರುಕು ನೋಡಿ ಹೊಸ ಕರಲು ಎಳೆಯಬೇಕು, ಹುಟ್ಟಿದ ಹುಲ್ಲನ್ನು ಬೇರುಸಹಿತ ಕೀಳಬೇಕು. ಬೇರು ಒಣಗಿದ ಜಾಗವೇ ಸೋರುವ ತೂತು. ಬೆಳಕಿಗೆ ಬಿಟ್ಟ ಗವಾಕ್ಷಿಯ ಸುತ್ತ ಏರು ಕಟ್ಟಿರಬೇಕು. ಮಳೆ ಬಂದಾಗ ಯಾರಾದರೂ ಓಡಿ ಹೋಗಿ ಅದನ್ನು ಮುಚ್ಚಬೇಕು.

ಈ ಮನೆಗಳು ಹಾಳಾಗುವುದು ವಯಸ್ಸಿನಿಂದಲ್ಲ. ವರ್ಷ ವರ್ಷ ಕರಲು ಹಾಕುವ ಆಳು ಸಿಗುವುದಿಲ್ಲ ಎಂದು ಮಾಳಿಗೆಯ ಮೇಲೆ ಸಿಮೆಂಟ್ ಗಾರೆ ಎಳೆದ ಕಡೆ ಐದಾರು ವರ್ಷಕ್ಕೆ ಜಂತೆ ಕೊಳೆತಿರುತ್ತದೆ. ಕಾರಣ ಸರಳ. ಕೆಳಗಿನ ಮಣ್ಣು ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತದೆ, ಮೇಲಿನ ಸಿಮೆಂಟ್ ಹಾಗೆ ಆಡುವುದಿಲ್ಲ, ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಮೇಲಕ್ಕೆ ಆರಿಹೋಗಲು ದಾರಿಯಿಲ್ಲ, ಸೊಪ್ಪು ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೂ ಇದೇ ಕಥೆ: ನೆಲದಿಂದ ಏರಿದ ತೇವ ಒಳಗೇ ಸಿಕ್ಕಿ, ಒಂದು ದಿನ ಗಾರೆ ಹಾಳೆಯಾಗಿ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಇಂಥ ಮನೆ ನಿಮ್ಮದೇ ಆಗಿದ್ದರೆ ಮಣ್ಣು, ಸಗಣಿ, ಸುಣ್ಣ ಬಿಟ್ಟು ಬೇರೇನೂ ಹಚ್ಚಬೇಡಿ. ಮಾಳಿಗೆ ಸೋರಿದರೆ ಮೊದಲು ದೋಣಿ ಕಟ್ಟಿಕೊಂಡಿದೆಯೇ ನೋಡಿ. ಹತ್ತರಲ್ಲಿ ಏಳೆಂಟು ಸಲ ತೊಂದರೆ ಅಲ್ಲೇ ಇರುತ್ತದೆ.

ಗಲ್ಲಿಗಳಿಂದ ಸಂತೆ ಹೊಂಡಕ್ಕೆ ಬನ್ನಿ. ಗುಡ್ಡದ ಮೇಲೆ ಬಂಡೆಯ ತಗ್ಗಿನಲ್ಲಿ ಕಂಡ ನೀರು ಇಲ್ಲಿ ಮೆಟ್ಟಿಲು ಕಟ್ಟಿದ ದೊಡ್ಡ ಪುಷ್ಕರಣಿಯಾಗಿದೆ. ಬೆಳಗಿನ ನಡಿಗೆಯನ್ನು ಇಲ್ಲಿ ನಿಂತು ಹಿಂತಿರುಗಿ ನೋಡಿದರೆ ಇಡೀ ಏರ್ಪಾಡು ಕಣ್ಣಿಗೆ ಕಟ್ಟುತ್ತದೆ. ಸುತ್ತ ಕಸ, ಚರಂಡಿ ಸೇರುವ ಭಯ ಎಲ್ಲ ಊರ ಹೊಂಡಗಳಂತೆ ಇದಕ್ಕೂ ಇದೆ, ನೋಡಿದರೆ ಸಂಕಟವಾಗುತ್ತದೆ. ಮೇಲಿನ ಹೊಂಡದ ಕಾಲುವೆ ಒಂದು ಕಡೆ ಮುಚ್ಚಿದರೂ ಕೆಳಗಿನದು ಬರೀ ಊರ ನೀರನ್ನೇ ನಂಬಬೇಕಾಗುತ್ತದೆ.

ಮೂರೂವರೆ ಹೊತ್ತಿಗೆ ಚಂದ್ರವಳ್ಳಿಗೆ ಹೊರಡಿ, ಆಟೋದಲ್ಲಿ ಸ್ವಲ್ಪ ಹೊತ್ತು. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಈ ಮೂರು ಬೆಟ್ಟಗಳ ನಡುವಿನ ಕಣಿವೆ. 1929ರ ಸುಮಾರಿಗೆ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಇಲ್ಲಿ ಅಗೆಸಿದರು, 1947ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮೂರಿನ ಬ್ರಹ್ಮಗಿರಿಯ ಜೊತೆಗೇ ಇಲ್ಲೂ ಅಗೆಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮಿನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯಗಳು ಸಿಕ್ಕಿದ್ದು ಈ ಮಣ್ಣಿನಲ್ಲೇ. ನಾಯಕರಿಗಿಂತ ಸಾವಿರದ ಐನೂರು ವರ್ಷ ಹಿಂದೆಯೇ ಇಲ್ಲಿ ಸಂತೆ ಸೇರುತ್ತಿತ್ತು.

ಚಂದ್ರವಳ್ಳಿಯಲ್ಲೇ ಇರುವ ಅಂಕಲಿ ಮಠದ ನೆಲಮಾಳಿಗೆ ಕೋಣೆಗಳಿಗೆ ಇಳಿಯುವುದಿದ್ದರೆ ಅಲ್ಲಿನ ಮಾರ್ಗದರ್ಶಿಯನ್ನು ಕರೆದುಕೊಂಡೇ ಇಳಿಯಿರಿ. ಬಂಡೆಗಳಡಿ ಕೋಣೆಯಿಂದ ಕೋಣೆಗೆ ಮೆಟ್ಟಿಲು, ಕತ್ತಲೆ ಅಂದರೆ ನಿಜವಾದ ಕತ್ತಲೆ. ಮೊಬೈಲ್ ದೀಪ ಸಾಲುವುದಿಲ್ಲ, ಕೈಬ್ಯಾಟರಿ ತನ್ನಿ. ಚಾವಣಿ ಎಲ್ಲಿ ತಗ್ಗುತ್ತದೆ ಎಂದು ಗೊತ್ತಿಲ್ಲದವರು ಹಣೆ ಒಡೆದುಕೊಳ್ಳುತ್ತಾರೆ. ಉಬ್ಬಸ ಇರುವವರು, ಇಕ್ಕಟ್ಟಿಗೆ ಹೆದರುವವರು ಹೊರಗೇ ಇರಲಿ.

ಮಾರನೇ ದಿನ ಉಳಿಯುವವರಿಗೆ ಎರಡು ದಾರಿ. ದಾವಣಗೆರೆ ಕಡೆ ಹೋದರೆ ಅಲ್ಲಿಂದ 14 ಕಿ.ಮೀ. ದೂರದ ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ, ಇನ್ನೊಂದು ಬದಿಗೆ ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರು ಪುಷ್ಕರಣಿ. ಪುಷ್ಕರಣಿಯನ್ನು ಹನುಮಂತಪ್ಪ ನಾಯಕ ಕಟ್ಟಿಸಿದ. ನೀರಿನ ನಡುವಿನ ವಸಂತ ಮಂಟಪ ನೋಡಲು ಬೆಳಗಿನ ಎಳೆಬಿಸಿಲೇ ಸರಿ, ಆಗ ಮೆಟ್ಟಿಲುಗಳ ನೆರಳು ಒಂದೊಂದಾಗಿ ಬಿಡಿಸಿ ಕಾಣುತ್ತದೆ. ಇನ್ನೊಂದು ದಾರಿ ಹಿರಿಯೂರಿನ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ.

ಚಂದ್ರವಳ್ಳಿಯಲ್ಲಿ ಹೊತ್ತು ಇಳಿಯುವ ಮುಂಚೆ ಹುಲಿಗೊಂದಿಯ ಭೈರವೇಶ್ವರ ಗುಡಿಯ ಪಕ್ಕದ ಬಂಡೆಗೆ ಹೋಗಿ. ಅದರ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ನಾಲ್ಕನೇ ಶತಮಾನದ್ದು. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಕೈಬ್ಯಾಟರಿಯನ್ನು ಬಂಡೆಗೆ ತಾಗುವಷ್ಟು ಪಕ್ಕದಲ್ಲಿ ಹಿಡಿದು ಓರೆ ಬೆಳಕು ಬಿಡಿ, ಅಕ್ಷರದ ಗೀರುಗಳಲ್ಲಿ ನೆರಳು ತುಂಬಿ ಒಂದೊಂದೇ ಎದ್ದು ಬರುತ್ತವೆ. ಸೀಮೆಸುಣ್ಣ, ನೀರು ಏನನ್ನೂ ಹಚ್ಚಬೇಡಿ. ಸವೆದ ಸಾಲುಗಳಲ್ಲಿ ಹಲವು ರಾಜ್ಯಗಳ ಹೆಸರುಗಳಿವೆ, ಅವುಗಳ ಓದಿನ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಚರ್ಚೆ ಇದೆ. ಮಯೂರಶರ್ಮ ಇಲ್ಲಿ ಮಾಡಿಸಿದ್ದು ಏನೆಂದು ಮಾತ್ರ ಅದರಲ್ಲಿ ಇದೆ: ಒಂದು ಕೆರೆ.